ಓಟದ ಅಭ್ಯಾಸ ಮತ್ತು ಸಣ್ಣಪುಟ್ಟ ಪೆಟ್ಟುಗಳು

ನಾಸಿಕದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಮುಂಬಯಿ-ಆಗ್ರಾ ಹೆದ್ದಾರಿಯ ಮೇಲಿರುವ ಓಝರ್ ಎಂಬ ಊರಿನ ಹೆಸರು ಕನ್ನಡಿಗರಿಗೆ ಅಪರಿಚಿತವಾದುದಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ವಿಮಾನ ಕಾರ್ಖಾನೆಯು, ಮಿಗ್ ವಿಮಾನಗಳ ನಿರ್ಮಾಣಕ್ಕೆಂದೇ ಸ್ಥಾಪಿತವಾಗಿದ್ದ ಇನ್ನೊಂದು ಸರ್ಕಾರಿ ಸಂಸ್ಥೆಯೊಡನೆ 1964ರ ಅಕ್ಟೋಬರ್ ತಿಂಗಳಿನಲ್ಲಿ ಸೇರಿ ಹಿಂದುಸ್ತಾನ್ ಏರೋನಾಟಿಕ್ಸ್ ಎಂದಾಯಿತು. ವಿಮಾನದ ಎಂಜಿನ್ನು ಒರಿಸ್ಸಾದ ಕೋರಾಪುಟದಲ್ಲಿಯೂ, ಒಡಲು ಓಝರಿನಲ್ಲಿಯೂ ಸಿದ್ಧವಾಗಬೇಕೆಂದು ಗೊತ್ತಾಯಿತು. ವರ್ಗಾವಣೆಯ ಕಾಗದವನ್ನು ಹಿಡಿದು ಬೆಂಗಳೂರಿನಿಂದ ಈ ದ್ರಾಕ್ಷಿಯ ನಾಡಿಗೆ ಬಂದು ನೆಲೆಸಿದ ಕುಟುಂಬಗಳ ಬಂಧುಬಾಂಧವರು ಮುಂಬಯಿಯಲ್ಲಿಯೂ ಇದ್ದಾರೆ.

ಓಝರ್ ಇರುವುದು ನಿಫಾಡ ತಾಲ್ಲೂಕಿನಲ್ಲಿ. ಚಳಿಗಾಲದಲ್ಲಿ ಮಹಾರಾಷ್ಟ್ರದಲ್ಲಿಯೇ ಅತಿ ಕಡಿಮೆ ಉಷ್ಣತೆ ಎಷ್ಟೋ ಸಲ ದಾಖಲಾಗುವುದು ಈ ತಾಲ್ಲೂಕಿನಲ್ಲಿಯೇ. ಬೆಳಗಿನ ಜಾವದ ಅಂಥ ತಂಪು ಓಟದ ಅಭ್ಯಾಸಕ್ಕೆ ಬಹಳ ಅನುಕೂಲವಾದುದು. ಈ ಜಿಲ್ಲೆಗೆ ಓಟದ ಕೀರ್ತಿಯೂ ಉಂಟು. ಇಲ್ಲಿಯ ಸಾವರ್‌ಪಾಡಾ ಎಂಬ ಪುಟ್ಟ ಆದಿವಾಸಿ ಹಳ್ಳಿಯ ಕವಿತಾ ರಾವುತ್ ಅವರು 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 10,000 ಮೀಟರ್ ಓಟದ ಕಂಚಿನ ಪದಕವನ್ನೂ, ಅದೇ ವರ್ಷ ಗ್ವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕವನ್ನೂ ಗಳಿಸಿದರು. ಆದರೆ ಪ್ರಸ್ತುತ ಲೇಖನವು ಅಂಥ ಮಹಾನ್ ಓಟಗಾರ್ತಿಯರನ್ನು ಕುರಿತದ್ದಲ್ಲ. ಅವರ ಬೆನ್ನಿಗೆ ತರಬೇತುದಾರರಿದ್ದಾರೆ, ವೈದ್ಯರಿದ್ದಾರೆ. ಕಾರ್ಖಾನೆ, ಕಚೇರಿ, ಬ್ಯಾಂಕುಗಳಲ್ಲಿ ದುಡಿದು, ನಲವತ್ತು ದಾಟಿದ ಮೇಲೆ ಮೊತ್ತಮೊದಲು ಓಟದ ಪಾದರಕ್ಷೆಯನ್ನು ಕೊಂಡವರ ಬೆನ್ನಿಗೆ ಯಾರೂ ಇಲ್ಲ. ಮುಂಬಯಿಯಲ್ಲಿ 2004ರಿಂದ ಮೊದಲ್ಗೊಂಡು, ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರದಂದು, ನಡೆದುಬಂದಿರುವ ಮ್ಯಾರಥಾನಿನಲ್ಲಿ ಹೆಸರು ನೋಂದಾಯಿಸಿ, ಅದರ ಅರ್ಧದೂರವನ್ನು, ಎಂದರೆ 21 ಕಿಲೋಮೀಟರಿಗಿಂತ ತುಸು ಹೆಚ್ಚನ್ನು, ಓಡಿ ಮುಗಿಸಬೇಕೆಂಬ ಹಂಬಲದಿಂದ ದೀಪಾವಳಿಯ ಸುಮಾರಿಗೆ ಅಭ್ಯಾಸವನ್ನಾರಂಭಿಸುವ ಸದ್ಗೃಹಸ್ಥರನ್ನು ಕುರಿತು ಇಲ್ಲಿ ವಿಚಾರ ಮಾಡಲಾಗಿದೆ.

ಓಝರಿನ ವಸಾಹತಿನಲ್ಲಿ ಅಂಥವರೊಬ್ಬರಿದ್ದಾರೆಂದು ಭಾವಿಸೋಣ. ವಯಸ್ಸು ನಲವತ್ತೈದು. ಇಡೀ ದಿನ ಕಾರ್ಖಾನೆಯ ಸಿಮೆಂಟಿನ ನೆಲದ ಮೇಲೆ ನಿಂತು ಮಾಡುವ ಕೆಲಸ. ಮೊದಲ ಎರಡು ವಾರ ಉತ್ಸಾಹದಲ್ಲಿ ಕಳೆದುವು. ನಾಲ್ಕನೆಯ ವಾರದಲ್ಲಿ ಬಲಗಾಲಿನ ಮೊಣಕಾಲ ಕೆಳಗೆ, ಮುಂಭಾಗದ ಮೂಳೆಯ ಒಳಬದಿಯಲ್ಲಿ ಸಣ್ಣಗೆ ನೋವು ಕಾಣಿಸಿಕೊಂಡಿತು. ಓಟಕ್ಕೆ ಇನ್ನು ಎಂಟೇ ವಾರ ಉಳಿದಿವೆ. ಪ್ರವೇಶಶುಲ್ಕವನ್ನು ಕಟ್ಟಿಯಾಗಿದೆ, ಗೆಳೆಯರಿಗೆ ಹೇಳಿಯಾಗಿದೆ. ಈಗ ಏನು ಮಾಡಬೇಕು? ಓಡುವುದನ್ನು ನಿಲ್ಲಿಸಿದರೆ ಸಿದ್ಧತೆ ಕೆಡುತ್ತದೆಂಬ ಭಯ, ನಿಲ್ಲಿಸದಿದ್ದರೆ ಕಾಲು ಕೆಡುತ್ತದೆಂಬ ಭಯ. ಹೆಚ್ಚಿನವರು ಮೊದಲನೆಯ ಭಯಕ್ಕೆ ಮಣಿದು, ನೋವನ್ನು ಮನೆಯವರಿಂದಲೂ ಮುಚ್ಚಿಟ್ಟು ಓಡುತ್ತಾರೆ. ಕಡೆಗೆ ಓಟವೂ ತಪ್ಪುತ್ತದೆ, ಕಾಲೂ ತಿಂಗಳುಗಟ್ಟಲೆ ಕೆಲಸಕ್ಕೆ ಬಾರದೆ ಹೋಗುತ್ತದೆ.

ಈ ನೋವೇಕೆ ಬರುತ್ತದೆಂಬುದು ವಿಮಾನದ ಊರಿನವರಿಗೆ ಬಹು ಬೇಗನೆ ಅರ್ಥವಾಗತಕ್ಕ ವಿಷಯ. ಲೋಹವು ಒಂದೇ ದೊಡ್ಡ ಪೆಟ್ಟಿಗೆ ಮಾತ್ರ ಮುರಿಯುವುದಿಲ್ಲ. ಸಣ್ಣ ಹೊರೆಯನ್ನು ಸಾವಿರಾರು ಸಲ ಹೊತ್ತು ಇಳಿಸಿದ ಮೇಲೆ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಬೆಳೆದು, ಒಂದು ದಿನ ಸೀಳುತ್ತದೆ. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಒಂದಾದ ಮೇಲೊಂದರಂತೆ ಸಮುದ್ರಕ್ಕೆ ಬಿದ್ದುದಕ್ಕೆ ಲೋಹದ ಈ ಬಳಲಿಕೆಯೇ ಕಾರಣವೆಂದು ತನಿಖೆಯಿಂದ ತಿಳಿದುಬಂತು. ಅಂದಿನಿಂದ ವಿಮಾನದ ಪ್ರತಿಯೊಂದು ಭಾಗದ ಹಾರಾಟದ ಲೆಕ್ಕವನ್ನೂ ಎಷ್ಟೊಂದು ಕಟ್ಟುನಿಟ್ಟಾಗಿ ಇಡುತ್ತಾರೆಂಬುದನ್ನು ಓಝರಿನವರಿಗೆ ಹೇಳಬೇಕಾಗಿಲ್ಲ. ಓಡುವವನ ಪಾದವು ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕದ ಎರಡು-ಮೂರು ಪಟ್ಟು ಭಾರವನ್ನು ತಾಳುತ್ತದೆ. ನಿಮಿಷಕ್ಕೆ 160 ಹೆಜ್ಜೆಗಳಂತೆ 70 ನಿಮಿಷಗಳಲ್ಲಿ 10 ಕಿಲೋಮೀಟರ್ ಓಡಿದರೆ, ಹನ್ನೊಂದು ಸಾವಿರಕ್ಕೂ ಮಿಗಿಲಾದ ಹೆಜ್ಜೆಗಳಾದುವು.

ಆದರೆ ಲೋಹಕ್ಕಿಲ್ಲದ ಒಂದು ಭಾಗ್ಯ ಮೂಳೆಗುಂಟು. ಅದು ಜೀವಂತವಾದುದು, ತನ್ನ ರಿಪೇರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಹೊಸ ಭಾರ ಬಿದ್ದಾಗ, ದಣಿದ ಮೂಳೆಯ ಅಂಶವನ್ನು ದೇಹವು ಮೊದಲು ಕರಗಿಸಿ ತೆಗೆಯುತ್ತದೆ, ಅನಂತರ ಅಲ್ಲಿ ಹೊಸ ಮೂಳೆಯನ್ನು ಕಟ್ಟುತ್ತದೆ. ತೆಗೆಯುವ ಕೆಲಸ ಬೇಗ ನಡೆಯುತ್ತದೆ, ಕಟ್ಟುವ ಕೆಲಸ ನಿಧಾನವಾಗಿ ಸಾಗುತ್ತದೆ. ಆದುದರಿಂದ ಅಭ್ಯಾಸವನ್ನಾರಂಭಿಸಿದ ಕೆಲವು ವಾರಗಳ ಮೇಲೆ, ಉಸಿರಾಟವು ಸುಗಮವಾಗಿ ಓಟಗಾರನಿಗೆ ಹುರುಪು ಬಂದಿರುವ ಸಮಯದಲ್ಲಿಯೇ, ಅವನ ಮೂಳೆಯು ಮೊದಲಿಗಿಂತಲೂ ದುರ್ಬಲವಾಗಿರಬಹುದು. ಹೃದಯ ಮತ್ತು ಶ್ವಾಸಕೋಶಗಳು ಬೇಗ ಪಳಗುತ್ತವೆ, ಮೂಳೆ ಮತ್ತು ಸ್ನಾಯುರಜ್ಜುಗಳು ತಡವಾಗಿ ಪಳಗುತ್ತವೆ. ಹವ್ಯಾಸಿಯ ಕಷ್ಟಗಳಲ್ಲಿ ಮುಕ್ಕಾಲು ಪಾಲು ಈ ಅಂತರದಿಂದ ಹುಟ್ಟಿದವು ಎಂದರೆ ತಪ್ಪಾಗಲಾರದು.

ಹಾಗಾದರೆ ಯಾವ ನೋವನ್ನು ತಾಳಿಕೊಳ್ಳಬಹುದು, ಯಾವುದಕ್ಕೆ ಓಟವನ್ನು ತಡೆಯಬೇಕು? ಅಭ್ಯಾಸದ ಮರುದಿನ ಎರಡೂ ತೊಡೆಗಳು, ಎರಡೂ ಮೀನಖಂಡಗಳು ಸಮನಾಗಿ ಬಿಗಿದು ನೋಯುವುದು ಸ್ವಾಭಾವಿಕ. ಇದು ಎರಡನೆಯ ದಿನಕ್ಕೆ ಏರಿ, ಮೂರು ನಾಲ್ಕು ದಿನಗಳಲ್ಲಿ ಇಳಿಯುತ್ತದೆ, ನಡೆದಾಡಿದರೆ ಹಗುರವಾಗುತ್ತದೆ. ಇದು ಪೆಟ್ಟಲ್ಲ, ಕಸರತ್ತಿನ ಕೂಲಿ. ಇದಕ್ಕೆ ಪ್ರತಿಯಾಗಿ, ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ಬರುವ ನೋವು ಅನುಮಾನಾಸ್ಪದವಾದುದು. ಓಡುವಾಗ ನೋವು ಎಷ್ಟಿದೆ ಎಂಬುದಕ್ಕೆ ಹತ್ತು ಅಂಕಗಳ ಅಳತೆಯನ್ನಿಟ್ಟುಕೊಂಡರೆ, ಮೂರು ಅಂಕಗಳೊಳಗಿರುವ, ಓಡುತ್ತಾ ಓಡುತ್ತಾ ಹೆಚ್ಚಾಗದ, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಉಳಿದಿರದ ನೋವಿನೊಂದಿಗೆ, ದೂರವನ್ನು ತಗ್ಗಿಸಿ ಅಭ್ಯಾಸವನ್ನು ಮುಂದುವರಿಸಬಹುದು. ನೋವು ಹೆಜ್ಜೆಯ ಧಾಟಿಯನ್ನೇ ಕೆಡಿಸಿ ಕುಂಟಿಸಿದರೆ, ಅಲ್ಲಿಗೆ ಆ ದಿನದ ಓಟ ಮುಗಿಯಿತೆಂದೇ ತಿಳಿಯಬೇಕು. ಕುಂಟುತ್ತಾ ಓಡಿದವನು ಬಲಗಾಲಿನ ಸಾಲವನ್ನು ಎಡಮೊಣಕಾಲಿನ ಖಾತೆಗೆ ವರ್ಗಾಯಿಸುತ್ತಾನೆಯೇ ಹೊರತು ತೀರಿಸುವುದಿಲ್ಲ.

ಮೇಲೆ ಹೇಳಿದ ಗೃಹಸ್ಥರ ನೋವಿನ ವಿಷಯವನ್ನೇ ನೋಡೋಣ. ಅವರು ಮೂಳೆಯ ಒಳಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಮೇಲಿನಿಂದ ಕೆಳಕ್ಕೆ ಬರಬೇಕು. ನಾಲ್ಕೈದು ಬೆರಳಗಲದಷ್ಟು ಉದ್ದಕ್ಕೂ ಹರಡಿದ ಮಂದವಾದ ನೋವಾದರೆ, ಅದು ಹೊಸ ಓಟಗಾರರಲ್ಲಿ ಅತಿ ಸಾಮಾನ್ಯವಾದ ಮೂಳೆಯಂಚಿನ ಬೇನೆ. ಶಿನ್ ಸ್ಪ್ಲಿಂಟ್ಸ್ ಎಂದು ಓಟಗಾರರು ಕರೆಯುವುದು ಇದನ್ನೇ. ಒಂದೆರಡು ವಾರ ಓಟದ ದೂರವನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಟಾರು ರಸ್ತೆಯನ್ನು ಬಿಟ್ಟು ಮಣ್ಣಿನ ನೆಲದ ಮೇಲೆ ಓಡಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಹಾಗಲ್ಲದೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಒತ್ತಿದೊಡನೆ ಹೌಹಾರುವಂಥ ನೋವಿದ್ದು, ರಾತ್ರಿ ಮಲಗಿದಾಗಲೂ ಅದು ಕಾಡುತ್ತಿದ್ದರೆ, ಅಥವಾ ಆ ಒಂಟಿ ಕಾಲಿನ ಮೇಲೆ ಕುಪ್ಪಳಿಸಲು ಸಾಧ್ಯವಾಗದಿದ್ದರೆ, ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದೆಂದು ಶಂಕಿಸಿ ಓಟವನ್ನು ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಸ್ಟ್ರೆಸ್ ಫ್ರಾಕ್ಚರ್ ಎಂದು ಕರೆಯಲ್ಪಡುವ ಈ ಬಿರುಕನ್ನು, ಎಕ್ಸ್-ರೇ ಕಂಡುಹಿಡಿಯುವುದಕ್ಕೂ ನಲವತ್ತು ವರ್ಷ ಮೊದಲು, 1855ರಲ್ಲಿಯೇ ಬ್ರೈಟ್‌ಹೌಪ್ಟ್ ಎಂಬ ಪ್ರಷ್ಯದ ಸೈನ್ಯವೈದ್ಯನು ದೀರ್ಘ ನಡಿಗೆಯಿಂದ ಊದಿದ ಸೈನಿಕರ ಪಾದಗಳನ್ನು ಕಂಡು ವರ್ಣಿಸಿದ್ದನು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೊದಲ ಎರಡು ಮೂರು ವಾರಗಳಲ್ಲಿ ತೆಗೆದ ಎಕ್ಸ್-ರೇ ಚಿತ್ರದಲ್ಲಿ ಈ ಬಿರುಕು ಕಾಣದೆಯೇ ಹೋಗಬಹುದು. ಚಿತ್ರ ಶುದ್ಧವಾಗಿದೆಯೆಂಬ ಧೈರ್ಯದಿಂದ ಮತ್ತೆ ಓಡಲು ಹೊರಟರೆ ಬಿರುಕು ಪೂರ್ಣ ಮುರಿತವಾಗುವ ಸಂಭವವುಂಟು. ಇಂಥ ಬಿರುಕು ಕೂಡಿಕೊಳ್ಳಲು ಆರರಿಂದ ಎಂಟು ವಾರ, ಕೆಲವೆಡೆ ಇನ್ನೂ ಹೆಚ್ಚು ಕಾಲ ಬೇಕು. ಆ ವರ್ಷದ ಜನವರಿಯ ಓಟದ ಆಸೆಯನ್ನು ಬಿಡಲೇಬೇಕು, ಅನ್ಯಮಾರ್ಗವಿಲ್ಲ.

ಮಹಿಳೆಯರು ಇಲ್ಲಿ ವಿಶೇಷ ಗಮನ ಕೊಡಬೇಕು. ತೂಕವನ್ನಿಳಿಸುವ ಉದ್ದೇಶದಿಂದ ಅರೆಹೊಟ್ಟೆಯಲ್ಲಿದ್ದು ಓಡಿದರೆ ಮುಟ್ಟು ತಪ್ಪುವುದುಂಟು, ಅದರೊಡನೆ ಮೂಳೆಯ ಬಲವೂ ಕುಗ್ಗುತ್ತದೆ. ಇದನ್ನು ಸಂಕೋಚದಿಂದ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಕನ್ನಡಿಗರ ಅಡುಗೆಮನೆಯಲ್ಲಿ ಇದಕ್ಕೆ ಸಹಾಯಕವಾದ ವಸ್ತುವೊಂದುಂಟು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿಗಳಲ್ಲಿ ಇದರ ಅಲ್ಪಾಂಶ ಮಾತ್ರ ಇದೆ. ಓಝರಿನಲ್ಲಿ ರಾಗಿ ಸಿಗುವುದಿಲ್ಲವೆಂದು ಊರಿನಿಂದ ಮೂಟೆ ತರಿಸಬೇಕಾದ ಅಗತ್ಯವೂ ಇಲ್ಲ. ನಾಸಿಕ ಜಿಲ್ಲೆಯ ಪಶ್ಚಿಮದ ಗುಡ್ಡಗಾಡಿನ ಆದಿವಾಸಿಗಳು ನಾಗಲಿ ಎಂದು ಬೆಳೆದು ರೊಟ್ಟಿ ಮಾಡುವ ಧಾನ್ಯ ನಮ್ಮ ರಾಗಿಯೇ.

ಕಾಲು ಉಳುಕುವುದು ಇನ್ನೊಂದು ಸಾಮಾನ್ಯ ಸಂಕಟ. ಬೆಳಗಿನ ಕತ್ತಲೆಯಲ್ಲಿ ರಸ್ತೆಯ ಗುಂಡಿಯೊಳಕ್ಕೆ ಹೆಜ್ಜೆಯಿಟ್ಟು ಪಾದವು ಒಳಕ್ಕೆ ತಿರುಗಿ, ಹರಡಿನ ಹೊರಬದಿಯ ಅಸ್ಥಿಬಂಧಗಳು ಎಳೆಯಲ್ಪಡುತ್ತವೆ. ಮೂಳೆ ಮುರಿದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು 1992ರಲ್ಲಿ ಕೆನಡಾದ ಒಟ್ಟಾವಾ ನಗರದ ವೈದ್ಯರು ಸರಳವಾದ ನಿಯಮಗಳನ್ನು ರೂಪಿಸಿದರು. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ನಾಲ್ಕು ಹೆಜ್ಜೆ ನಡೆಯಲು ಸಾಧ್ಯವಾಗದಿದ್ದರೆ, ಅಥವಾ ಹರಡಿನ ಎರಡು ಗಿಣ್ಣುಗಳಲ್ಲಿ ಯಾವುದಾದರೊಂದರ ಹಿಂದಿನ ಅಂಚನ್ನಾಗಲಿ ತುದಿಯನ್ನಾಗಲಿ ಒತ್ತಿದಾಗ ಮೂಳೆಯಲ್ಲಿಯೇ ನೋವಿದ್ದರೆ ಎಕ್ಸ್-ರೇ ಬೇಕು. ಪಾದದ ಹೊರಅಂಚಿನ ನಡುವೆ, ಕಿರುಬೆರಳಿನ ನೇರಕ್ಕೆ ಉಬ್ಬಿರುವ ಮೂಳೆ ನೋಯುತ್ತಿದ್ದರೂ, ಹರಡಿನ ಮುಂದೆ ಪಾದದ ಒಳಬದಿಯಲ್ಲಿರುವ ಮೂಳೆ ನೋಯುತ್ತಿದ್ದರೂ ಹಾಗೆಯೇ. ಇವು ಯಾವುವೂ ಇಲ್ಲದಿದ್ದರೆ ಮೂಳೆಯ ಚಿಂತೆ ಬಹುಮಟ್ಟಿಗೆ ಬೇಡ.

ಉಳುಕಿಗೆ ನಮ್ಮ ಜನರ ಮೊದಲ ಉಪಾಯ ಎಣ್ಣೆ ಹಚ್ಚಿ ಬಲವಾಗಿ ನೀವಿಸುವುದು. ಮೊದಲ ಎರಡು ಮೂರು ದಿನಗಳಲ್ಲಿ ಇದು ಸರ್ವಥಾ ಕೂಡದು. ಒಳಗೆ ಹರಿದ ಸೂಕ್ಷ್ಮ ರಕ್ತನಾಳಗಳಿಂದ ಇನ್ನಷ್ಟು ರಕ್ತ ಒಸರಿ ಬಾವು ಹೆಚ್ಚುತ್ತದೆ. ಬಿಸಿ ಶಾಖದಿಂದಲೂ ಆ ದಿನಗಳಲ್ಲಿ ಹಾಗೆಯೇ ಆಗುತ್ತದೆ. 1978ರಲ್ಲಿ ಗೇಬ್ ಮಿರ್ಕಿನ್ ಎಂಬ ಅಮೆರಿಕದ ವೈದ್ಯರು ವಿಶ್ರಾಂತಿ, ಮಂಜುಗಡ್ಡೆ, ಪಟ್ಟಿ, ಕಾಲನ್ನು ಎತ್ತರಿಸಿಡುವುದು ಎಂಬ ನಾಲ್ಕು ಸೂತ್ರಗಳನ್ನು ಪ್ರಚಾರಕ್ಕೆ ತಂದರು, ಅವು ಲೋಕಪ್ರಸಿದ್ಧವಾದುವು. ವಿಶೇಷವೆಂದರೆ, ಮಂಜುಗಡ್ಡೆ ಹಾಗೂ ಸಂಪೂರ್ಣ ವಿಶ್ರಾಂತಿಯಿಂದ ವಾಸಿಯಾಗುವುದು ತಡವಾಗಬಹುದೆಂದು ಅದೇ ವೈದ್ಯರು 2014ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಬಾವು ಎಂಬುದು ದೇಹದ ದುರಸ್ತಿಯ ಮೊದಲ ಹಂತ, ಅದನ್ನು ಸಂಪೂರ್ಣವಾಗಿ ಅಡಗಿಸುವುದು ಹಿತವಲ್ಲವೆಂಬುದು ಈಗಿನ ಅಭಿಪ್ರಾಯ. ನೋವು ತಡೆಯಲಾರದಷ್ಟಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು, ಅಷ್ಟೆ. ಕ್ರೇಪ್ ಬ್ಯಾಂಡೇಜು ಕಟ್ಟಿ, ಕುಳಿತಾಗ ಕಾಲನ್ನು ಎತ್ತರದಲ್ಲಿಟ್ಟು, ಒಂದೆರಡು ದಿನ ಕಳೆದ ಮೇಲೆ ನೋವಿನ ಮಿತಿಯೊಳಗೆ ಪಾದವನ್ನು ಆಡಿಸಲು ಮೊದಲು ಮಾಡಬೇಕು. ವಾರದ ತರುವಾಯ ಹಲ್ಲುಜ್ಜುವಾಗ ಒಂಟಿ ಕಾಲಿನ ಮೇಲೆ ನಿಲ್ಲುವ ಅಭ್ಯಾಸ ಮಾಡಿಕೊಂಡರೆ, ಅದೇ ಕಾಲು ಪುನಃ ಉಳುಕುವುದು ಬಹುಮಟ್ಟಿಗೆ ತಪ್ಪುತ್ತದೆ. ನೋಡುವವರಿಗೆ ತಮಾಷೆಯಾಗಿ ಕಂಡರೂ ಪರವಾಗಿಲ್ಲ.

ನಲವತ್ತು ದಾಟಿದವರನ್ನು ಹೆಚ್ಚಾಗಿ ಕಾಡುವುದು ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವಿನ ಬೇನೆ. ಬೆಳಿಗ್ಗೆ ಎದ್ದು ಮೊದಲ ಹತ್ತು ಹೆಜ್ಜೆಗಳಲ್ಲಿ ಹಿಡಿದುಕೊಂಡು, ಆಮೇಲೆ ಸಡಿಲವಾಗುತ್ತದೆ. ಇದಕ್ಕೆ ಚಿಕಿತ್ಸೆ ದೊರೆತ ಕಥೆ ಸ್ವಾರಸ್ಯವಾಗಿದೆ. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಎಂಬ ಮೂಳೆತಜ್ಞರು ಸ್ವತಃ ಹವ್ಯಾಸಿ ಓಟಗಾರರು. ಇದೇ ಬೇನೆಯಿಂದ ಬೇಸತ್ತು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಬಯಸಿದಾಗ, ಅವರಿಗೆ ರಜೆ ಕೊಟ್ಟರೆ ಆಸ್ಪತ್ರೆಯ ಕೆಲಸ ಸಾಗದೆಂದು ಮೇಲಧಿಕಾರಿಗಳು ಒಪ್ಪಲಿಲ್ಲ. ಸ್ನಾಯುರಜ್ಜು ಹರಿದೇ ಹೋದರೆ ಶಸ್ತ್ರಚಿಕಿತ್ಸೆ ಮಾಡಲೇಬೇಕಾಗುತ್ತದೆಂಬ ಹಟದಿಂದ ಅವರು ಹಿಮ್ಮಡಿಯನ್ನು ಮೆಟ್ಟಿಲಿನಂಚಿನಿಂದ ಕೆಳಗಿಳಿಸುವ ವ್ಯಾಯಾಮವನ್ನು ನೋವನ್ನು ಲೆಕ್ಕಿಸದೆ ಮಾಡತೊಡಗಿದರು. ಹರಿಯುವ ಬದಲು ಅದು ವಾಸಿಯಾಯಿತು! 1998ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ, ಸರಾಸರಿ 44 ವರ್ಷ ವಯಸ್ಸಿನ 15 ಹವ್ಯಾಸಿಗಳು ಹನ್ನೆರಡು ವಾರ ಈ ವ್ಯಾಯಾಮ ಮಾಡಿ, ಹದಿನೈದು ಮಂದಿಯೂ ಓಟಕ್ಕೆ ಹಿಂದಿರುಗಿದರು. ವಿಧಾನ ಸುಲಭ. ಮೆಟ್ಟಿಲಿನಂಚಿನಲ್ಲಿ ಮುಂಗಾಲನ್ನೂರಿ, ಎರಡೂ ಕಾಲುಗಳಿಂದ ಮೇಲೇರಿ, ನೋಯುವ ಒಂದೇ ಕಾಲಿನಿಂದ ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಕ್ಕಿಳಿಸಬೇಕು. ಹದಿನೈದು ಸಲದಂತೆ ಮೂರು ಆವೃತ್ತಿ. ಅದನ್ನು ಒಮ್ಮೆ ಮೊಣಕಾಲು ನೆಟ್ಟಗಿಟ್ಟು, ಇನ್ನೊಮ್ಮೆ ತುಸು ಬಗ್ಗಿಸಿ, ದಿನಕ್ಕೆರಡು ವೇಳೆ ಮಾಡಬೇಕು. ಫಲ ಕಾಣಲು ಹನ್ನೆರಡು ವಾರ ಬೇಕೆಂಬುದನ್ನು ಮರೆತು ಹತ್ತನೆಯ ದಿನಕ್ಕೇ ಕೈಬಿಡುವವರೇ ಹೆಚ್ಚು.

ಚರ್ಮದ ತೊಂದರೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಸಣ್ಣ ಬೊಬ್ಬೆಯನ್ನು ಒಡೆಯದೆ ಮುಚ್ಚಿಡಬೇಕು. ದೊಡ್ಡದಾಗಿ ನೋಯುತ್ತಿದ್ದರೆ ಶುದ್ಧಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರನ್ನು ತೆಗೆದು, ಮೇಲಿನ ಚರ್ಮವನ್ನು ಕೀಳದೆ ಪಟ್ಟಿ ಹಾಕಬೇಕು. ಸಕ್ಕರೆ ಕಾಯಿಲೆಯಿರುವವರು ಮಾತ್ರ ಸೂಜಿಯನ್ನು ಮುಟ್ಟದೆ ವೈದ್ಯರ ಬಳಿಗೇ ಹೋಗಬೇಕು, ಪ್ರತಿದಿನ ಓಟದ ನಂತರ ಅಂಗಾಲನ್ನು ಪರೀಕ್ಷಿಸಿಕೊಳ್ಳಬೇಕು. ಪಾದರಕ್ಷೆಯನ್ನು ಸಾಯಂಕಾಲ, ಪಾದ ಸ್ವಲ್ಪ ಊದಿರುವ ವೇಳೆಯಲ್ಲಿ, ಮುಂದುಗಡೆ ಹೆಬ್ಬೆರಳಗಲ ಜಾಗವಿರುವಂತೆ ಕೊಂಡರೆ ಉಗುರು ಕಪ್ಪಾಗುವುದು ತಪ್ಪುತ್ತದೆ. ಬಿದ್ದು ತರಚಿದ ಗಾಯವನ್ನು ಹರಿಯುವ ನೀರಿನಲ್ಲಿ ಮಣ್ಣಿನ ಕಣವೂ ಉಳಿಯದಂತೆ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಅವಧಿಯನ್ನು ವೈದ್ಯರಲ್ಲಿ ವಿಚಾರಿಸಬೇಕು. ಮುಂಜಾನೆ ಓಡುವವರನ್ನು ನಾಯಿ ಅಟ್ಟುವುದುಂಟು. ನಾಯಿಯ ಹಲ್ಲು ಅಥವಾ ಉಗುರು ಸೋಕಿ ಚರ್ಮ ಗೀರಿದ್ದರೂ ಅದು ಸಣ್ಣ ಪೆಟ್ಟಲ್ಲ. ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಆ ದಿನವೇ ರೇಬೀಸ್ ಲಸಿಕೆಯನ್ನು ಹಾಕಿಸಬೇಕು. ಓಡುವಾಗ ಎದೆ, ದವಡೆ, ಎಡತೋಳುಗಳಲ್ಲಿ ಹಿಡಿದಂತಾದರೆ, ತಲೆ ತಿರುಗಿದರೆ, ಅದು ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ವಿಷಯ.

ದೂರವನ್ನು ವಾರಕ್ಕೆ ಹತ್ತು ಪ್ರತಿಶತಕ್ಕಿಂತ ಹೆಚ್ಚಿಸದಿದ್ದರೆ ಪೆಟ್ಟಾಗುವುದಿಲ್ಲವೆಂಬ ಮಾತು ಓಟಗಾರರಲ್ಲಿ ಬಹಳ ಪ್ರಚಲಿತ. ಹಾಲೆಂಡಿನ ಗ್ರೋನಿಂಗೆನ್ನಿನಲ್ಲಿ ನಾಲ್ಕು ಮೈಲಿಯ ಓಟಕ್ಕೆ ಸಿದ್ಧರಾಗುತ್ತಿದ್ದ 532 ಹೊಸಬರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹತ್ತು ಪ್ರತಿಶತದ ನಿಯಮವನ್ನು ಪಾಲಿಸಿ 13 ವಾರ ಅಭ್ಯಾಸ ಮಾಡಿದವರಲ್ಲಿಯೂ, 8 ವಾರಗಳಲ್ಲಿ ಬೇಗ ಬೇಗ ಏರಿಸಿದವರಲ್ಲಿಯೂ ಸುಮಾರು ಐವರಲ್ಲೊಬ್ಬರಿಗೆ ಪೆಟ್ಟಾಯಿತು! ಇದರಿಂದ ಮನಬಂದಂತೆ ಓಡಬಹುದೆಂದು ಅರ್ಥವಲ್ಲ. ಅಂಕಿಯ ನಿಯಮವೊಂದನ್ನೇ ನಂಬಿ ಕಾಲಿನ ಮಾತಿಗೆ ಕಿವುಡಾಗಬಾರದು. ಅದೇ ದೂರವನ್ನು ಓಡಿದರೂ, ರಾತ್ರಿ ಪಾಳಿಯ ಕೆಲಸ ಮುಗಿಸಿ ನಿದ್ರೆಗೆಟ್ಟವನ ದೇಹದಲ್ಲಿ ದುರಸ್ತಿ ಕಡಿಮೆ ನಡೆದಿರುತ್ತದೆ.

ನಿಲ್ಲಿಸಿದರೆ ಸಿದ್ಧತೆಯೆಲ್ಲ ನೀರುಪಾಲಾಗುತ್ತದೆಂಬ ಭಯವೂ ಉತ್ಪ್ರೇಕ್ಷಿತವಾದುದು. ಹತ್ತು ಹದಿನೈದು ದಿನಗಳ ವಿರಾಮದಿಂದ ಆಗುವ ನಷ್ಟ ಅಲ್ಪ. ಆ ಅವಧಿಯಲ್ಲಿ ಸೈಕಲ್ ತುಳಿದರೆ ಅಥವಾ ಈಜಿದರೆ ಅದೂ ಇಲ್ಲ. ಅರ್ಧ ಗಂಟೆ ಬಿರುಸಾಗಿ ನಡೆದರೂ ನೋವಾಗದೆಂದು ಖಚಿತವಾದ ಮೇಲೆ, ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆಯಂತೆ ಮತ್ತೆ ಆರಂಭಿಸಬೇಕು. ಕಳೆದುಹೋದ ದಿನಗಳ ಬಾಕಿಯನ್ನು ಒಂದೇ ವಾರದಲ್ಲಿ ವಸೂಲು ಮಾಡಹೊರಟವರಿಗೆ ಅದೇ ಪೆಟ್ಟು ಎರಡನೆಯ ಸಲ ಆಗುತ್ತದೆ.

1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲಾ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಮ್ಯಾರಥಾನನ್ನು ಗೆದ್ದ ಕಥೆಯನ್ನು ಕೆಲವರು ಸ್ಫೂರ್ತಿಗೆಂದು ಹೇಳುತ್ತಾರೆ. ಕಥೆ ನಿಜ. ಆದರೆ ಅದು ಬಿಕಿಲಾನ ಕಥೆ, ನಲವತ್ತೈದರ ಗೃಹಸ್ಥನಿಗೆ ಅನ್ವಯಿಸುವುದಿಲ್ಲ.

ಓಟದ ದಿನ ಬೆಳಿಗ್ಗೆ ಮುನ್ನೆಚ್ಚರಿಕೆಯೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳನ್ನು ನುಂಗುವ ದುರಭ್ಯಾಸ ವ್ಯಾಪಕವಾಗಿದೆ. ನಿಫಾಡದ ಚಳಿಯಲ್ಲಿ ಪಳಗಿದ ದೇಹವು ಮುಂಬಯಿಯ ಕಡಲ ಸೆಕೆಯಲ್ಲಿ ವಿಪರೀತ ಬೆವರುತ್ತದೆ. ನೀರಿನಂಶ ಕಡಿಮೆಯಾದಾಗ ಈ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ರಕ್ತದೊತ್ತಡದ ಔಷಧಿಯನ್ನು ಸೇವಿಸುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಅಲ್ಲದೆ, ಪೆಡ್ಡರ್ ರಸ್ತೆಯ ಏರಿನಲ್ಲಿ ಕಾಲು ಕೊಡಬೇಕಾದ ಎಚ್ಚರಿಕೆಯನ್ನು ಮಾತ್ರೆಯು ಮುಚ್ಚಿಬಿಡುತ್ತದೆ. ಆ ಏರಿನಲ್ಲಿ ಮೀನಖಂಡ ಸೆಳೆತಕ್ಕೆ ಸಿಕ್ಕಿದರೆ ನಿಂತು, ಮೊಣಕಾಲನ್ನು ನೆಟ್ಟಗಿಟ್ಟು ಕಾಲ್ಬೆರಳುಗಳನ್ನು ತನ್ನ ಕಡೆಗೆ ಎಳೆದುಕೊಂಡು, ಸೆಳೆತ ಬಿಟ್ಟ ಮೇಲೆ ಸ್ವಲ್ಪ ದೂರ ನಡೆಯಬೇಕು. ಹಿಂದಿನವರು ಮುಂದೆ ಹೋದರೆ ಹೋಗಲಿ.

ಅಂದು ಸಂಜೆಯ ಪಂಚವಟಿ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹಿಂದಿರುಗುವವರು ಗಂಟೆಗೊಮ್ಮೆಯಾದರೂ ಎದ್ದು ಬೋಗಿಯೊಳಗೆ ಅಡ್ಡಾಡಬೇಕು. ಮರುದಿನಕ್ಕಿಂತ ಅದರ ಮರುದಿನ ಮೆಟ್ಟಿಲಿಳಿಯುವುದು ಹೆಚ್ಚು ಕಷ್ಟವಾದರೆ ಗಾಬರಿಪಡಬೇಕಾದುದಿಲ್ಲ. ಮೂತ್ರವು ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ, ಅಥವಾ ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.